ಕಣಕಿ ಕತ್ತರಿಸುವಾಗ ಕಿವಿಯ ಕಡೆಗೂ ಲಕ್ಷ್ಯವಿರಲಿ



ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಲ್ಲಿ ಕುಡುಗೋಲಿನಿಂದ ಮೇವು ಕೊಚ್ಚುವ ಮನೆಗಳು ಈಗ ಕಡಿಮೆ. ಕರೆಂಟಿನ ಮೇವು ಕತ್ತರಿಸುವ ಯಂತ್ರ ಬಂದ ಮೇಲೆ ಕಣಕಿ, ಗೋವಿನಜೋಳದ ದಂಟು, ಕಬ್ಬಿನ ಸೋಗೆ ಯಾವುದೇ ಇರಲಿ, ಪೋಲಾಗುವುದು ತಪ್ಪಿದೆ. ಈ ಯಂತ್ರಕ್ಕೆ ಕೈ ಸಿಕ್ಕೀತು ಎಂದು ಎಲ್ಲರೂ ಎಚ್ಚರಿಸುತ್ತಾರೆ. ಕಿವಿಯ ಮಾತು ಎತ್ತುವವರು ಅಪರೂಪ. ಬೆರಳು ತುಂಡಾದರೆ ರಕ್ತ ಕಾಣುತ್ತದೆ. ಕಿವಿ ಹೋಗುವುದಕ್ಕೆ ವರ್ಷಗಳು ಹಿಡಿಯುತ್ತವೆ, ನೋವೂ ಇರುವುದಿಲ್ಲ.

ದೊಡ್ಡ ಸದ್ದಿನಲ್ಲಿ ದುಡಿಯುವುದು ನಮ್ಮ ಭಾಗಕ್ಕೆ ಹೊಸದೇನಲ್ಲ. ಗೋಕಾಕ ಫಾಲ್ಸ್‌ನಲ್ಲಿ ಘಟಪ್ರಭೆಯ ನೀರಿನ ಬಲದಿಂದ ನೂಲಿನ ಗಿರಣಿ ನಡೆಯತೊಡಗಿದ್ದು 1887ರಲ್ಲಿ. ಅದಕ್ಕೆ ಒಂದು ವರ್ಷ ಮೊದಲು, 1886ರಲ್ಲಿ, ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಕಿವಿಯ ವೈದ್ಯ ಥಾಮಸ್ ಬಾರ್ ಅವರು ಬಾಯ್ಲರ್ ತಯಾರಿಸುವ 100 ಕಾರ್ಮಿಕರನ್ನು ಪರೀಕ್ಷಿಸಿದ್ದರು. ಅವರಲ್ಲಿ ಒಬ್ಬರ ಕಿವಿಯೂ ಸರಿಯಿರಲಿಲ್ಲ. ನಮ್ಮ ದೇಶದಲ್ಲಿಯೂ ಮುಂದೆ ಕಾರ್ಖಾನೆ ಕಾಯ್ದೆಯು ಸದ್ದಿನಿಂದ ಬರುವ ಕಿವುಡುತನವನ್ನು ಕೆಲಸದಿಂದ ಬರುವ ರೋಗಗಳ ಪಟ್ಟಿಗೆ ಸೇರಿಸಿತು. ಗಿರಣಿಗೆ ಇನ್‌ಸ್ಪೆಕ್ಟರ್ ಹೋಗುತ್ತಾರೆ. ನಮ್ಮ ದನದ ಮನೆಗೆ, ರಾಶಿಯ ಕಣಕ್ಕೆ ಯಾರೂ ಬರುವುದಿಲ್ಲ. ಅಲ್ಲಿ ಮಾಲೀಕರೂ ನೀವೇ, ಆಳೂ ನೀವೇ.

ಕಿವಿ ಕೆಡುವ ಬಗೆ

ಒಳಕಿವಿಯಲ್ಲಿ ಬಸವನ ಹುಳುವಿನ ಚಿಪ್ಪಿನ ಆಕಾರದ ಒಂದು ಭಾಗವಿದೆ. ಅದರಲ್ಲಿ ಸುಮಾರು 15,000 ಸೂಕ್ಷ್ಮ ರೋಮಕೋಶಗಳಿವೆ. ದೊಡ್ಡ ಸದ್ದಿಗೆ ಇವು ಬಿರುಗಾಳಿಗೆ ಸಿಕ್ಕ ಜೋಳದ ಬೆಳೆಯಂತೆ ಬಾಗುತ್ತವೆ. ರಾಶಿ ಮಾಡಿದ ದಿನ ಸಂಜೆ ಕಿವಿ ಗುಂಯ್ ಎನ್ನುವುದು, ಮರುದಿನ ಸರಿಹೋಗುವುದು ಇದರಿಂದಲೇ. ಪದೇ ಪದೇ ಹೀಗಾದರೆ ಕೋಶಗಳು ಸಾಯುತ್ತವೆ. ಜೋಳವಾದರೆ ಮರುವರ್ಷ ಬಿತ್ತಬಹುದು, ಈ ಕೋಶ ಮತ್ತೆ ಹುಟ್ಟುವುದಿಲ್ಲ. ಕಿವಿಗೆ ಹಾಕುವ ಮಷೀನ್ ಸದ್ದನ್ನು ಹಿಗ್ಗಿಸೀತೇ ಹೊರತು ಸತ್ತ ಕೋಶವನ್ನು ಬದುಕಿಸದು.

ಮೊದಲು ಹೋಗುವುದು ಸಣ್ಣ, ತೀಕ್ಷ್ಣ ಸ್ವರಗಳು. ಎಮ್ಮೆಯ ಕೂಗು ತಗ್ಗಿನ ಸ್ವರದ್ದಾದ್ದರಿಂದ ಚೆನ್ನಾಗಿಯೇ ಕೇಳುತ್ತದೆ. ಆದ್ದರಿಂದ ‘ನನ್ನ ಕಿವಿ ಚಲೋ ಅದಾವ’ ಎಂದು ಮನುಷ್ಯ ನಂಬಿರುತ್ತಾನೆ. ಆದರೆ ಮೊಮ್ಮಗಳ ಮಾತು ಅಸ್ಪಷ್ಟವಾಗುತ್ತದೆ. ಸಂಘದ ಸಭೆಯಲ್ಲಿ ಹಾಲು, ಸಾಲು, ಕಾಲು ಎಲ್ಲ ಒಂದೇ ಎನಿಸುತ್ತವೆ. ಮನೆಯವರು ಗೊಣಗುತ್ತಾರೆಂದು ಸಿಟ್ಟು ಬೇರೆ!

ಸದ್ದನ್ನು ಡೆಸಿಬೆಲ್‌ನಿಂದ ಅಳೆಯುತ್ತಾರೆ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ತಾಸಿಗಿಂತ ಹೆಚ್ಚು ಇರಬಾರದು. ಅಲ್ಲಿಂದ ಮೇಲೆ ಪ್ರತಿ 3 ಡೆಸಿಬೆಲ್‌ಗೆ ಅವಧಿ ಅರ್ಧಕ್ಕೆ ಇಳಿಯುತ್ತದೆ: 88ಕ್ಕೆ 4 ತಾಸು, 91ಕ್ಕೆ 2 ತಾಸು, 100ಕ್ಕೆ ಬರೀ 15 ನಿಮಿಷ. ಕ್ಯಾಬಿನ್ ಇಲ್ಲದ ಟ್ರ್ಯಾಕ್ಟರ್ ಭಾರ ಎಳೆಯುವಾಗ ಚಾಲಕನ ಕಿವಿಗೆ 90ರಿಂದ 100 ಬೀಳುವುದುಂಟು. ಕಬ್ಬಿನ ಹಂಗಾಮಿನಲ್ಲಿ ಆ ಎಂಜಿನ್ನಿನ ಸದ್ದನ್ನೂ ಮೀರಿಸಿ ಹಾಡು ಹಚ್ಚುವವರ ಕಿವಿಯ ಗತಿ ನೀವೇ ಊಹಿಸಿ. ಅಳೆಯುವ ಯಂತ್ರ ಇಲ್ಲವೆಂದು ಚಿಂತೆ ಬೇಡ. ಒಂದು ಮಾರು ಅಂತರದೊಳಗೆ ನಿಂತವರಿಗೆ ಕೂಗಿ ಹೇಳಬೇಕಾದರೆ ಅಲ್ಲಿ ಕಿವಿಗೆ ರಕ್ಷಣೆ ಬೇಕು ಎಂದೇ ತಿಳಿಯಿರಿ.

ಏನು ಹಾಕಿಕೊಳ್ಳಬೇಕು?

ಹತ್ತಿ ತುರುಕಿಕೊಂಡರೆ ಉಪಯೋಗ ತೀರ ಕಡಿಮೆ. ಔಷಧ ಅಂಗಡಿಯಲ್ಲಿ ಅಥವಾ ಕಾರ್ಖಾನೆಗಳಿಗೆ ಸುರಕ್ಷತಾ ಸಾಮಾನು ಮಾರುವಲ್ಲಿ ಸ್ಪಂಜಿನಂಥ ಇಯರ್ ಪ್ಲಗ್ ಸಿಗುತ್ತವೆ. ಮೊದಲು ಕೈ ತೊಳೆಯಿರಿ. ಸೆಗಣಿ ಹಿಡಿದ ಕೈಯಿಂದ ಮುಟ್ಟಬೇಡಿ. ಪ್ಲಗ್ಗನ್ನು ಬೆರಳುಗಳ ನಡುವೆ ಬತ್ತಿಯಂತೆ ತೆಳ್ಳಗೆ ಹೊಸೆಯಿರಿ. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಪ್ಲಗ್ ಒಳಗಿಡಿ. ಅದು ಉಬ್ಬಿ ಕೂಡುವವರೆಗೆ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಸರಿಯಾಗಿ ಕೂತರೆ ನಿಮ್ಮ ದನಿ ನಿಮಗೇ ಕೊಡದೊಳಗಿಂದ ಬಂದಂತೆ ಕೇಳುತ್ತದೆ. ಅರ್ಧ ಹೊರಗೆ ಉಳಿದರೆ ಹಾಕಿಯೂ ಹಾಕದಂತೆ. ಕೊಳೆಯಾದ, ಗಟ್ಟಿಯಾದ ಪ್ಲಗ್ ಎಸೆಯಿರಿ. ಕಿವಿ ಸೋರುತ್ತಿದ್ದರೆ ಪ್ಲಗ್ ಹಾಕದೆ ವೈದ್ಯರಿಗೆ ತೋರಿಸಿರಿ.

ಕಿವಿಯನ್ನು ಹೊರಗಿನಿಂದ ಮುಚ್ಚುವ ಇಯರ್ ಮಫ್ ಪದೇ ಪದೇ ಹಾಕಿ ತೆಗೆಯಲು ಸುಲಭ. ಆದರೆ ರುಮಾಲು ಅಥವಾ ಸೆರಗಿನ ಮೇಲೆ ಹಾಕಿದರೆ ಸಂದಿನಿಂದ ಸದ್ದು ನುಗ್ಗುತ್ತದೆ. ನಮ್ಮ ಮನೆಗಳಲ್ಲಿ ಯಂತ್ರಕ್ಕೆ ಮೇವು ಒಡ್ಡುವವರು ಬಹಳ ಸಲ ಹೆಣ್ಣುಮಕ್ಕಳೇ. ಸೆರಗು ಸೊಂಟಕ್ಕೆ ಬಿಗಿದು, ಮಫ್ಫನ್ನು ಬರಿಯ ಕಿವಿಯ ಮೇಲೆಯೇ ಹಾಕಲಿ. ಕಿವಿ ಮುಚ್ಚಿದಾಗ ‘ನಿಲ್ಲಿಸು’ ಎಂಬ ಕೂಗು ಕೇಳದೇ ಹೋಗಬಹುದು. ಆದ್ದರಿಂದ ಕೈ ಎತ್ತಿದರೆ ಸ್ವಿಚ್ ಆರಿಸಬೇಕೆಂದು ಮೊದಲೇ ಮಾತಾಡಿಕೊಳ್ಳಿರಿ, ಸ್ವಿಚ್ಚಿನ ಹತ್ತಿರ ಒಬ್ಬರು ನಿಂತಿರಲಿ.

ಯಂತ್ರದ ಸದ್ದನ್ನೇ ತಗ್ಗಿಸಲೂ ಬರುತ್ತದೆ. ಬ್ಲೇಡು ಹರಿತವಾಗಿರಲಿ, ಬೇರಿಂಗಿಗೆ ಗ್ರೀಸ್ ಬೀಳಲಿ, ಸಡಿಲ ನಟ್ಟು ಬಿಗಿಯಿರಿ, ಒಡೆದ ಸೈಲೆನ್ಸರ್ ಬದಲಿಸಿರಿ. ಯಂತ್ರವನ್ನು ತಗಡಿನ ಗೋಡೆಗೆ ಹತ್ತಿಸಿ ಇಡದೆ ಬಯಲಿಗೆ, ದನದ ಮನೆಯಿಂದ ದೂರ ಇಡುವುದು ಒಳ್ಳೆಯದು. ಕೆಲಸವಿಲ್ಲದ ಮಕ್ಕಳನ್ನು ದೂರ ಕಳಿಸಿರಿ. ಅಂತರ ಎರಡು ಪಟ್ಟಾದರೆ ಬಯಲಿನಲ್ಲಿ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ.

ಇದರಲ್ಲಿ ಹಾಲಿನ ಲಾಭವೂ ಇದೆ. ಹಠಾತ್ ಸದ್ದಿಗೆ ಬೆದರಿದ ಆಕಳಿನಲ್ಲಿ ಹಾಲು ಇಳಿಸುವ ಚೋದಕದ ಕೆಲಸಕ್ಕೆ ಅಡ್ಡಿಯಾಗಿ, ಅದು ಹಾಲು ಏರಿಸಿಕೊಳ್ಳುತ್ತದೆ. ಹಿಂಡುವ ಹೊತ್ತಿಗೆ ಯಂತ್ರ ಹಚ್ಚಬೇಡಿ.

ಈಗಾಗಲೇ ಕಿವಿ ಗುಂಯ್‌ಗುಡುತ್ತಿದ್ದರೆ, ಮಾತು ಕೇಳಿಸಿದರೂ ತಿಳಿಯದಿದ್ದರೆ ಎಣ್ಣೆ ಬಿಡುವುದು, ಕಡ್ಡಿ ಆಡಿಸುವುದು ಬೇಡ. ಕಿವಿ, ಮೂಗು, ಗಂಟಲಿನ ವೈದ್ಯರಲ್ಲಿ ಆಡಿಯೋಮೆಟ್ರಿ ಪರೀಕ್ಷೆ ಮಾಡಿಸಿರಿ. ಹೆಡ್‌ಫೋನ್ ಹಾಕಿ ಸಣ್ಣ ಸಣ್ಣ ಸ್ವರ ಕೇಳಿಸುತ್ತಾರೆ, ಕೇಳಿದಾಗ ಕೈ ಎತ್ತಬೇಕು, ಅಷ್ಟೇ. ಹಿಂದಿನ ದಿನ ಟ್ರ್ಯಾಕ್ಟರ್ ಹೊಡೆದಿದ್ದರೆ, ರಾಶಿ ಮಾಡಿದ್ದರೆ ಅದನ್ನು ವೈದ್ಯರಿಗೆ ಮೊದಲೇ ತಿಳಿಸಿರಿ.