ಹ್ಯಾಷ್‌ಟ್ಯಾಗ್ ಎಂದರೇನು?

ಗುಂಡಿ ಒತ್ತುವ ಫೋನಿನಲ್ಲಿ 0 ಪಕ್ಕದಲ್ಲಿ # ಅಂತ ಒಂದು ಗುರುತು ಇದೆ. ಇದಕ್ಕೆ ಹ್ಯಾಷ್ ಎನ್ನುವರು. ಇದಕ್ಕೆ ಅಂಟಿಸಿ ಒಂದು ಪದ ಬರೆದರೆ ಅದೇ ಹ್ಯಾಷ್‌ಟ್ಯಾಗ್.

ಇದರ ಕೆಲಸ ಚದುರಿದ್ದನ್ನು ಒಂದು ಕಡೆ ಸೇರಿಸೋದು. ಕುರಿ ಕಾಯುವವರು ತಮ್ಮ ಕುರಿಗಳ ಮೈಗೆ ಒಂದೇ ಬಣ್ಣ ಹಚ್ಚಿರುತ್ತಾರೆ, ನೋಡಿದ್ದೀರಲ್ಲ? ಎರಡು ಹಿಂಡು ಕಲೆತರೂ ಬಣ್ಣ ನೋಡಿ ತಮ್ಮವನ್ನು ಬೇರೆ ಮಾಡ್ತಾರೆ. ಹಾಗೆಯೇ ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ಗಳಲ್ಲಿ ಕೋಟಿಗಟ್ಟಲೆ ಜನ ಬರೆಯುತ್ತಾರೆ. ಅಲ್ಲಿ #ಮಳೆ ಎಂಬ ಪದವನ್ನು ಒತ್ತಿದರೆ ಅದೇ ಗುರುತು ಹಾಕಿದ ಬೇರೆಯವರ ಬರಹಗಳೂ ಬರುತ್ತವೆ. ಅವರ ಪರಿಚಯ ನಮಗೆ ಇರಬೇಕೆಂದಿಲ್ಲ.

ಇದನ್ನು ಸೂಚಿಸಿದವರು ಅಮೆರಿಕದ ಕ್ರಿಸ್ ಮೆಸ್ಸಿನಾ. 2007ರ ಆಗಸ್ಟ್ 23ರಂದು ಟ್ವಿಟರ್‌ನಲ್ಲಿ (2023ರಿಂದ ಅದರ ಹೆಸರು ಎಕ್ಸ್) ಗುಂಪುಗಳಿಗೆ ಈ ಗುರುತು ಬಳಸಿದರೆ ಹೇಗೆ ಎಂದು ಕೇಳಿದರು. ಅವರು ಆ ಕಂಪನಿಯ ನೌಕರರೂ ಅಲ್ಲ! ಎರಡೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊ ಕಡೆ ಭಾರಿ ಕಾಡ್ಗಿಚ್ಚು ಹಬ್ಬಿತು. ಲಕ್ಷಾಂತರ ಜನ ಮನೆ ಬಿಡಬೇಕಾಯಿತು. ಆಗ ಬೆಂಕಿಯ ಸುದ್ದಿಗೆಲ್ಲ #ಸ್ಯಾನ್‌ಡಿಯಾಗೊಫೈರ್ ಎಂದು ಗುರುತು ಹಾಕಿದರು. ಹುಡುಕುವವರಿಗೆ ಅನುಕೂಲವಾಯಿತು. ಒತ್ತಿದ ಕೂಡಲೇ ತೆರೆಯುವ ಸೌಲಭ್ಯ ಟ್ವಿಟರ್‌ನಲ್ಲಿ ಬಂದದ್ದು 2009ರಲ್ಲಿ. ಫೇಸ್‌ಬುಕ್‌ಗೆ 2013ರಲ್ಲಿ ಬಂತು.

ಮುಖ್ಯವಾದ ವಿಷಯ ಈಗ ಹೇಳ್ತೀನಿ. ಎಲ್ಲರೂ ಒಂದೇ ತರಹ ಬರೆಯಬೇಕು. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿಯಿತಲ್ಲ, ಅಂಥ ಹೊತ್ತು ಎಂದುಕೊಳ್ಳಿ. ಒಬ್ಬರು #ಕೊಡಗುಮಳೆ ಎಂದೂ ಇನ್ನೊಬ್ಬರು #ಕೊಡಗಿನಮಳೆ ಎಂದೂ ಬರೆದರೆ ಕಂಪ್ಯೂಟರಿಗೆ ಅವು ಬೇರೆ ಬೇರೆ. ಸಹಾಯ ಕೇಳಿದವರು ಒಂದು ಹಿಂಡಿನಲ್ಲಿ, ಸಹಾಯ ಮಾಡುವವರು ಇನ್ನೊಂದರಲ್ಲಿ! ಇನ್ನೊಂದು ತೊಂದರೆ, ಗುರುತಿಗೆ ಯಜಮಾನ ಇಲ್ಲ. ಹಳೇ ಫೋಟೋಗೂ ಅದನ್ನೇ ಹಾಕಿ ಇವತ್ತಿನದು ಅಂತ ಬಿಡಬಹುದು. ಕಂಪ್ಯೂಟರ್ ಬಣ್ಣ ನೋಡುತ್ತೆ, ಕುರಿ ನೋಡಲ್ಲ.

ನಡುವೆ ಜಾಗ ಬಿಡಲೂಬಾರದು. ಬಿಟ್ಟರೆ ಮೊದಲ ಪದ ಮಾತ್ರ ಗುರುತಾಗುತ್ತದೆ. ಬಿಡದಿದ್ದರೂ ಫಜೀತಿಯೇ. 2013ರಲ್ಲಿ ಬ್ರಿಟನ್ನಿನ ಮಾಜಿ ಪ್ರಧಾನಿ ಥ್ಯಾಚರ್ ತೀರಿಕೊಂಡಾಗ 'ನೌ ಥ್ಯಾಚರ್ಸ್ ಡೆಡ್' ಎಂದು ಸೇರಿಸಿ ಬರೆದರು. ಅದನ್ನು ಕೆಲವರು 'ನೌ ದಟ್ ಷೇರ್ಸ್ ಡೆಡ್' ಎಂದು ಓದಿ, ಷೇರ್ ಎಂಬ ಗಾಯಕಿ ತೀರಿಕೊಂಡರೆಂದು ಗಾಬರಿಯಾದರು! ಇಂಗ್ಲಿಷಿನಲ್ಲಾದರೆ ಪ್ರತಿ ಪದಕ್ಕೂ ದೊಡ್ಡಕ್ಷರ ಹಾಕಬಹುದು. ಕನ್ನಡದಲ್ಲಿ ದೊಡ್ಡಕ್ಷರ ಇಲ್ಲ. ಆದ್ದರಿಂದ ನಾವು ಪದಗಳ ನಡುವೆ ಕೆಳಗೆರೆ ಎಳೆಯಬೇಕು, ಹೀಗೆ: #ಕೊಡಗು_ಮಳೆ.