ಅಲ್ಯೂಮಿನಿಯಮ್ ದೋಣಿಯ ಹಿಂಬದಿಯನ್ನು ಸರಿಮಾಡುವ ಕ್ರಮ

ಕಬ್ಬಿಣಕ್ಕೆ ತುಕ್ಕು ಹಿಡಿಯುವದನ್ನೂ ಹಿತ್ತಾಳೆಗೆ ಕಿಲುಬು ಏರುವದನ್ನೂ ನಾವೆಲ್ಲರು ಕಂಡಿದ್ದೇವೆ. ಅಲ್ಯೂಮಿನಿಯಮಿಗೆ ಇಂಥ ಕೇಡು ಬಾರದೆಂದು ಹಲವರು ನೆನಸುತ್ತಾರೆ. ಆದರೆ ಹುಣಿಸೆಯ ಹುಳಿಯನ್ನು ಆ ಲೋಹದ ಪಾತ್ರೆಯಲ್ಲಿ ಬಹು ಹೊತ್ತು ಇಟ್ಟು ತಳವು ಕೆಟ್ಟದ್ದನ್ನು ಕಂಡ ಗೃಹಿಣಿಯು ಹಾಗೆ ಹೇಳಲಾರಳು.

ಅಮೇರಿಕಾ ದೇಶದ ಮಿನೆಸೋಟಾ ಸೀಮೆಯಲ್ಲಿ ಸರೋವರಗಳು ಸಾವಿರಾರು ಇವೆ. 1945ರಲ್ಲಿ ಮಹಾಯುದ್ಧವು ತೀರಿದ ಮೇಲೆ ವಿಮಾನಕ್ಕೆ ಬಳಸುತ್ತಿದ್ದ ಹಗುರ ಲೋಹದಿಂದ ದೋಣಿಗಳನ್ನು ಕಟ್ಟುವ ಕೆಲಸವು ಆ ದೇಶದಲ್ಲಿ ಹಬ್ಬಿತು. ಅಲ್ಯೂಮಾಕ್ರಾಫ್ಟ್ ಎಂಬ ಕಂಪೆನಿಯು 1946ರಲ್ಲಿಯೂ ಲುಂಡ್ ಎಂಬದು 1948ರಲ್ಲಿಯೂ ಮಿನೆಸೋಟಾದಲ್ಲೇ ಆರಂಭವಾದವು. ಐವತ್ತು ಅರುವತ್ತು ವರುಷದ ಹಳೇ ದೋಣಿಗಳು ಈಗಲೂ ಅಲ್ಲಿ ಮೀನು ಹಿಡಿಯಲು ನೀರಿಗಿಳಿಯುತ್ತವೆ. ಅವುಗಳಲ್ಲಿ ಹೆಚ್ಚಾಗಿ ಕೆಡುವ ಸ್ಥಳವು ಹಿಂಭಾಗದ ಅಡ್ಡಗೋಡೆಯೇ. ಇದಕ್ಕೆ ಟ್ರಾನ್ಸಮ್ ಎಂದು ಹೆಸರು. ಯಂತ್ರವು ತೂಗುವದು ಇದರ ಮೇಲೆಯೇ, ದೋಣಿಯನ್ನು ಮುಂದಕ್ಕೆ ನೂಕುವದೂ ಇದನ್ನು ಒತ್ತಿಯೇ. ಆದಕಾರಣ ಇದು ನಡುನೀರಿನಲ್ಲಿ ಬಿರಿದರೆ ಯಂತ್ರವು ಮುಳುಗುವದಲ್ಲದೆ, ಕುಳಿತವರ ಪ್ರಾಣಕ್ಕೂ ಅಪಾಯವುಂಟು.

ಕೇಡು ಹೇಗೆ ಉಂಟಾಗುತ್ತದೆ? ತೆಳ್ಳಗಿನ ಲೋಹದ ತಗಡು ಯಂತ್ರದ ಭಾರವನ್ನು ತಾನೇ ತಾಳಲಾರದೆಂದು ಒಳಗೆ ಪ್ಲೈವುಡ್ ಹಲಗೆಯನ್ನು ಇಟ್ಟಿರುತ್ತಾರೆ. ಅಲ್ಯೂಮಿನಿಯಮನ್ನು ಕಾಯುವದು ಅದರ ಮೈಮೇಲೆ ಗಾಳಿಯಿಂದ ತಾನಾಗಿ ಹುಟ್ಟುವ ಬಹು ತೆಳುವಾದ ಪೊರೆಯೇ. ಬೋಲ್ಟಿನ ತೂತುಗಳಿಂದ ನೀರು ಒಳಸೇರಿ, ನೆನೆದ ಹಲಗೆಯು ತಗಡಿಗೆ ಅಂಟಿ ನಿಂತಾಗ ಗಾಳಿಯು ಅಲ್ಲಿಗೆ ತಲಪುವದಿಲ್ಲ. ಪೊರೆಯು ಕೆಟ್ಟರೆ ತಿರುಗಿ ಬೆಳೆಯದು. ಕೊಳೆಯುವ ಮರದ ಹುಳಿಯೂ ಕೂಡಿ ಲೋಹವು ಕುಳಿಕುಳಿಯಾಗಿ ಬಿಳೀ ಪುಡಿಯಾಗುತ್ತದೆ. ಹೊರಗೆ ಬಣ್ಣವು ಗುಳ್ಳೆ ಎದ್ದು ಕಾಣುವಾಗ ಒಳಗಿನ ಕೆಲಸವು ಬಹಳ ಮಟ್ಟಿಗೆ ಮುಗಿದಿರುತ್ತದೆ. ಯಂತ್ರದ ಕೆಳತುದಿಯನ್ನು ಹಿಡಿದು ಮೇಲೆ ಕೆಳಗೆ ಅಲುಗಿಸಿರಿ. ಅಡ್ಡಗೋಡೆಯು ಬಾಗಿದರೆ ಹಲಗೆಯು ಸತ್ತುಹೋಗಿದೆ ಎಂದು ತಿಳಿಯಬೇಕು.

ಹೊರಗಿನಿಂದ ತೇಪೆ ಹಚ್ಚಿ ಬಣ್ಣ ಬಳಿಯುವವರು ಉಂಟು. ಅದು ಗೆದ್ದಲು ತಿಂದ ಗೋಡೆಗೆ ಸುಣ್ಣ ಹಚ್ಚಿದಂತೆಯೇ ಎಂಬದು ನಮ್ಮ ಅಭಿಪ್ರಾಯ. ಯಂತ್ರವನ್ನು ಇಳಿಸಿ, ಮೇಲಂಚಿನ ಪಟ್ಟಿಯನ್ನೂ ಮೂಲೆಯ ತುಂಡುಗಳನ್ನೂ ಬಿಚ್ಚಿ, ಅವನ್ನು ಹಿಡಿದಿರುವ ರಿವೆಟ್ಟುಗಳ ತಲೆಗಳನ್ನು ಕೊರೆದು ತೆಗೆದು, ಹಳೇ ಹಲಗೆಯನ್ನು ಹೊರಗೆ ತರಬೇಕು. ಅದು ಚೂರುಚೂರಾದರೂ ಎಸೆಯಬೇಡಿರಿ. ಹೊಸದಕ್ಕೆ ಅಳತೆ ಅದೇ.

ಬಳಿಕ ತಗಡನ್ನು ಚೆನ್ನಾಗಿ ತೊಳೆದು ಒಣಗಿಸಿ, ಪುಡಿಯೆಲ್ಲವನ್ನು ಕೆರೆಯತಕ್ಕದ್ದು. ಕಬ್ಬಿಣದ ತಂತಿಯ ಬ್ರಶ್ಶು ಬೇಡ; ಅದರ ಚೂರುಗಳು ಅಲ್ಯೂಮಿನಿಯಮಿನಲ್ಲಿ ಸಿಕ್ಕಿಕೊಂಡು ಹೊಸ ಕೇಡನ್ನು ಬಿತ್ತುತ್ತವೆ. ಕತ್ತಲೆಯಲ್ಲಿ ಒಳಗೆ ದೀಪ ಹಿಡಿದು ಹೊರಗಿನಿಂದ ನೋಡಿದರೆ ಸೂಜಿಯ ಮೊನೆಯಷ್ಟು ತೂತೂ ಮಿನುಗುವದು. ಸಣ್ಣ ಕುಳಿಗಳನ್ನು ಎಪಾಕ್ಸಿ ಅಂಟಿನಿಂದ ತುಂಬಬಹುದು. ದೊಡ್ಡ ತೂತಿದ್ದರೆ ಸುತ್ತಲಿನ ಸವೆದ ಭಾಗವನ್ನು ಗಟ್ಟಿ ಲೋಹ ಸಿಕ್ಕುವ ತನಕ ಕತ್ತರಿಸಿ, ಅದೇ ಜಾತಿಯ ತಗಡನ್ನು ನಡುವೆ ನೀರು ತಡೆಯುವ ಅಂಟನ್ನಿಟ್ಟು ಅಲ್ಯೂಮಿನಿಯಮ್ ರಿವೆಟ್ಟುಗಳಿಂದ ಜಡಿಯಬೇಕು. ಸವೆದ ತೆಳು ತಗಡನ್ನು ಬೆಸೆಯಹೋದರೆ ಅದು ಕರಗಿ ತೂತು ದೊಡ್ಡದಾಗುವದೇ ಹೆಚ್ಚು.

ಹೊಸ ಹಲಗೆಯ ವಿಷಯದಲ್ಲಿ ಬಹು ಜಾಗ್ರತೆ ಬೇಕು. ಕೊಳೆಯದಿರಲೆಂದು ಔಷಧ ಕುಡಿಸಿದ ಮರವು ಅಂಗಡಿಯಲ್ಲಿ ದೊರೆಯುತ್ತದೆ. ದೋಣಿಗೆ ಇದೇ ಉತ್ತಮವೆಂದು ಬುದ್ಧಿವಂತರೂ ಮೋಸಹೋಗುತ್ತಾರೆ. ಆ ಔಷಧಗಳಲ್ಲಿ ಸಾಮಾನ್ಯವಾಗಿ ತಾಮ್ರವಿದೆ. ಅಮೇರಿಕಾದಲ್ಲಿ 2004ರಿಂದ ಮನೆಕೆಲಸದ ಮರಕ್ಕೆ ಆರ್ಸೆನಿಕ್ ಕೂಡಿದ ಹಳೇ ಔಷಧವನ್ನು ಬಿಟ್ಟು, ತಾಮ್ರವು ಇನ್ನೂ ಹೆಚ್ಚಾಗಿರುವ ಔಷಧಗಳನ್ನು ಬಳಸತೊಡಗಿದರು. ನೀರು ತಗಲಿದಾಗ ಆ ತಾಮ್ರವು ಹೊರಬಂದು ಅಲ್ಯೂಮಿನಿಯಮಿನ ಮೇಲೆ ಕೂತು, ಎರಡು ಲೋಹಗಳೂ ಬೇಟರಿಯಂತೆ ಕೆಲಸ ಮಾಡುವದರಿಂದ ಅಲ್ಯೂಮಿನಿಯಮು ತಿಂದುಹೋಗುತ್ತದೆ. ಹೀಗೆ ಮರವು ಉಳಿದು ದೋಣಿಯು ಹಾಳಾಗುವದು! ಆದದರಿಂದ ಔಷಧವಿಲ್ಲದ, ನೀರಿಗೆ ಬಿಡದ ಅಂಟಿನ ಮೆರೈನ್ ಪ್ಲೈವುಡ್ಡನ್ನೇ ಕೊಳ್ಳಬೇಕು. ಹಳೇದು 1½ ಅಂಗುಲ ದಪ್ಪವಿದ್ದರೆ ¾ ಅಂಗುಲದ ಎರಡು ಹಲಗೆಗಳನ್ನು ಎಪಾಕ್ಸಿಯಿಂದ ಜೋಡಿಸಿ, ಎಲ್ಲಾ ಮೈಗೂ, ವಿಶೇಷವಾಗಿ ಅಂಚುಗಳಿಗೆ, ಅದನ್ನೇ ಎರಡು ಮೂರು ಸಾರಿ ಬಳಿಯಬೇಕು.

ಬೋಲ್ಟಿನ ತೂತುಗಳನ್ನು ಮರದಲ್ಲಿ ಬೇಕಾದದ್ದಕ್ಕಿಂತ ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ತಿರುಗಿ ಕೊರೆಯಿರಿ. ಹೀಗೆ ಮಾಡಿದರೆ ಬೋಲ್ಟಿನ ಗುಂಟ ಬಂದ ನೀರು ಮರವನ್ನು ಮುಟ್ಟದು. ಬೋಲ್ಟುಗಳು ಸ್ಟೇನ್‌ಲೆಸ್ ಉಕ್ಕಿನವಾಗಿದ್ದರೆ ಅವು ತಗಡನ್ನು ನೇರವಾಗಿ ತಾಗದಂತೆ ನೈಲಾನ್ ಬಿಲ್ಲೆಯನ್ನೂ ಅಂಟನ್ನೂ ನಡುವೆ ಇಡತಕ್ಕದ್ದು.

ಎಲ್ಲಾ ಕಟ್ಟಿ ಅಂಟು ಒಣಗಿದ ಮೇಲೆ ದೋಣಿಯನ್ನು ನೆಲದ ಮೇಲೆಯೇ ಭದ್ರವಾಗಿ ಆನಿಸಿ, ಒಳಗೆ ಹಿಂಬದಿಯಲ್ಲಿ ಕೆಲವು ಅಂಗುಲ ನೀರು ಹೊಯ್ದು, ಹೊರಗೆ ಯಾವ ರಿವೆಟ್ಟಿನಲ್ಲಿ ಹನಿ ಕಾಣುವದೆಂದು ಸೀಮೆಸುಣ್ಣದಿಂದ ಗುರುತು ಹಾಕಿಕೊಳ್ಳಬೇಕು. ಆ ಸ್ಥಳಗಳನ್ನು ಸರಿಮಾಡಿದ ಮೇಲೆಯೇ ಯಂತ್ರವನ್ನು ಏರಿಸಬಹುದು.