ಆಪರೇಷನ್ನಿಗೆ ಮೊದಲು ಒಂದು ಎಂ.ಆರ್.ಐ.

ಮಗು, ನಿಮ್ಮಪ್ಪನ ಬಯಾಪ್ಸಿಯಲ್ಲಿ ಗುದನಾಳದ ಕ್ಯಾನ್ಸರ್ ಅಂತ ಬಂದಿದೆ ಎಂದು ಕೇಳಿದಾಗಿನಿಂದ ನಮ್ಮ ಮನೆಯಲ್ಲೂ ಯಾರಿಗೂ ಸಮಾಧಾನವಿಲ್ಲ. ಮುಂದಿನ ವಾರವೇ ಆಪರೇಷನ್ ಮಾಡಿಸಿಬಿಡಬೇಕು ಅಂತ ನೀನು ಓಡಾಡುತ್ತಿದ್ದೀಯ ಎಂದು ನಿಮ್ಮಮ್ಮ ಹೇಳಿದರು. ನಾನು ವೈದ್ಯನಲ್ಲ. ಬೆಂಗಳೂರು ಕಂಟೋನ್ಮೆಂಟ್ ಕಡೆಯ ಆಸ್ಪತ್ರೆಗಳಲ್ಲಿ ಎಕ್ಸ್‌ರೇ, ಸ್ಕ್ಯಾನಿಂಗ್ ಟೆಕ್ನಿಷಿಯನ್ ಆಗಿ ದುಡಿದು ನಿವೃತ್ತನಾದವನು. ಆ ಅನುಭವದಿಂದ ಒಂದು ಮಾತು ಹೇಳುತ್ತೇನೆ, ಮನಸ್ಸಿಟ್ಟು ಕೇಳು. ಯಾವ ಚಿಕಿತ್ಸೆಯೇ ಆಗಲಿ, ಶುರುವಾಗುವ ಮೊದಲು ಕಿಬ್ಬೊಟ್ಟೆಯ ಒಂದು ಒಳ್ಳೆಯ ಎಂ.ಆರ್.ಐ. ಆಗಲಿ. ಅದನ್ನು ಸರ್ಜನ್, ಕಿಮೋ ವೈದ್ಯರು, ರೇಡಿಯೇಷನ್ ವೈದ್ಯರು, ರೇಡಿಯಾಲಜಿಸ್ಟ್ ನಾಲ್ವರೂ ಒಟ್ಟಿಗೆ ನೋಡಿ ತೀರ್ಮಾನ ಮಾಡಲಿ.

ಕ್ಯಾನ್ಸರ್ ಇದೆ ಅಂತ ಬಯಾಪ್ಸಿಯೇ ಹೇಳಿದೆಯಲ್ಲ, ಇನ್ನು ಎಂ.ಆರ್.ಐ. ಯಾತಕ್ಕೆ ಅಂತ ನೀನು ಕೇಳಬಹುದು. ಗಡ್ಡೆ ಯಾವ ಜಾತಿಯದು ಎಂದು ಬಯಾಪ್ಸಿ ಹೇಳುತ್ತದೆ. ಎಷ್ಟು ಆಳಕ್ಕೆ ಇಳಿದಿದೆ, ಯಾವುದಕ್ಕೆ ತಾಗಿದೆ ಎಂದು ಹೇಳುವುದಿಲ್ಲ. ಗುದನಾಳದ ಸುತ್ತ ಕೊಬ್ಬಿನ ಒಂದು ಪದರ ಇರುತ್ತದೆ. ಅದರ ಹೊರಗೆ ಈರುಳ್ಳಿಯ ಒಳಸಿಪ್ಪೆಯಷ್ಟು ತೆಳುವಾದ ಒಂದು ಪೊರೆ. ಇಂಗ್ಲೆಂಡಿನ ಸರ್ಜನ್ ಬಿಲ್ ಹೀಲ್ಡ್ 1982ರಲ್ಲಿ, ಈ ಪೊರೆ ಹರಿಯದಂತೆ ಒಳಗಿನ ಕೊಬ್ಬು, ಅದರಲ್ಲಿರುವ ದುಗ್ಧಗ್ರಂಥಿಯ ಗಂಟುಗಳ ಸಮೇತ ಗುದನಾಳವನ್ನು ಇಡಿಯಾಗಿ ತೆಗೆಯಬೇಕು ಎಂದು ಬರೆದರು. ಆ ಮೇಲೆ ಅದೇ ಜಾಗದಲ್ಲಿ ಕ್ಯಾನ್ಸರ್ ಮರುಕಳಿಸುವುದು ಬಹಳ ಕಡಿಮೆಯಾಯಿತು. ಆದರೆ ಗಡ್ಡೆ ಆ ಪೊರೆಯ ಹತ್ತಿರಕ್ಕೇ ಬಂದುಬಿಟ್ಟಿದ್ದರೆ ಎಂಥ ನುರಿತ ಕೈಯಾದರೂ ಸುತ್ತ ಶುದ್ಧ ಅಂಚು ಬಿಟ್ಟು ತೆಗೆಯುವುದು ಕಷ್ಟ. ಗಡ್ಡೆಗೂ ಪೊರೆಗೂ ನಡುವೆ ಒಂದು ಮಿಲಿಮೀಟರಾದರೂ ಜಾಗ ಇದೆಯೇ, ಇಲ್ಲವೇ? ಕತ್ತರಿ ಹಿಡಿಯುವ ಮೊದಲೇ ಇದನ್ನು ತಿಳಿಯಲು ಎಂ.ಆರ್.ಐ.ನಷ್ಟು ನಂಬಬಹುದಾದ ದಾರಿ ಬೇರೆ ಇಲ್ಲ.

ಮೆಷಿನ್ನಿನಲ್ಲಿ ಎಕ್ಸ್‌ರೇ ಇಲ್ಲ, ಆ ಭಯ ಬೇಡ. ಅದೊಂದು ದೊಡ್ಡ ಅಯಸ್ಕಾಂತ. ನಮ್ಮೂರಲ್ಲಿ ಹೆಚ್ಚಾಗಿ ಕಾಣುವುದು 1.5 ಟೆಸ್ಲಾ, ಕೆಲವು ಕಡೆ 3 ಟೆಸ್ಲಾ. ಭೂಮಿಯ ಕಾಂತಶಕ್ತಿಗೆ ಹೋಲಿಸಿದರೆ ಹತ್ತಾರು ಸಾವಿರ ಪಟ್ಟು ಹೆಚ್ಚು. ಮೈಯ ನೀರು, ಕೊಬ್ಬಿನಲ್ಲಿರುವ ಹೈಡ್ರೋಜನ್ ಕೊಡುವ ಸಂಕೇತದಿಂದ ಚಿತ್ರ ಮೂಡುತ್ತದೆ. ಇದಕ್ಕೇ ಪಾಲ್ ಲಾಟರ್ಬರ್, ಪೀಟರ್ ಮ್ಯಾನ್ಸ್‌ಫೀಲ್ಡ್ ಇಬ್ಬರಿಗೂ 2003ರಲ್ಲಿ ವೈದ್ಯಕೀಯ ನೊಬೆಲ್ ಬಂತು. ಸಿ.ಟಿ.ಯಲ್ಲಿ ಒಂದೇ ಬೂದು ಬಣ್ಣವಾಗಿ ಕಾಣುವ ಮಾಂಸದ ಪದರಗಳು ಇಲ್ಲಿ ಬೇರೆಬೇರೆಯಾಗಿ ಕಾಣುತ್ತವೆ.

ನಿಮ್ಮಪ್ಪನ ರಿಪೋರ್ಟು ಬಂದಾಗ ಕೊನೆಯ ಸಾಲು ಮಾತ್ರ ಓದಬೇಡ. ಗಡ್ಡೆ ಗುದದ್ವಾರದಿಂದ ಎಷ್ಟು ಸೆಂಟಿಮೀಟರ್ ಮೇಲಿದೆ, ಗೋಡೆಯನ್ನು ಎಷ್ಟು ದಾಟಿದೆ, ಪೊರೆಗೆ ಎಷ್ಟು ದೂರ, ಅಕ್ಕಪಕ್ಕದ ರಕ್ತನಾಳದೊಳಗೆ ನುಗ್ಗಿದೆಯೇ, ಗಂಟುಗಳು ಹೇಗಿವೆ? ಈ ಐದಕ್ಕೂ ಅದರಲ್ಲಿ ಉತ್ತರ ಇರಬೇಕು. ಇಲ್ಲದಿದ್ದರೆ ವೈದ್ಯರನ್ನು ವಿನಯದಿಂದಲೇ ಕೇಳು. ಪೊರೆ ದೂರ ಇದ್ದರೆ ನೇರವಾಗಿ ಆಪರೇಷನ್ ಆಗಬಹುದು. ಹತ್ತಿರ ಇದ್ದರೆ ಮೊದಲು ಕಿಮೋ, ಜನ ‘ಕರೆಂಟು ಕೊಡೋದು’ ಅನ್ನುವ ರೇಡಿಯೇಷನ್, ಗಡ್ಡೆ ಕುಗ್ಗಿದ ಮೇಲೆ ಆಪರೇಷನ್. ಈ ಅನುಕ್ರಮ ತಪ್ಪಿದರೆ ಆಮೇಲೆ ತಿದ್ದುವುದು ಬಲು ಕಷ್ಟ. ಕರುಳು ಪೂರ್ತಿ ಕಟ್ಟಿಕೊಂಡರೆ ತುರ್ತಾಗಿ ಏನಾದರೂ ಮಾಡಲೇಬೇಕಾಗುತ್ತದೆ, ಅದು ಬೇರೆ ಮಾತು. ಇಲ್ಲವಾದರೆ ಒಳ್ಳೆಯ ಸ್ಕ್ಯಾನಿಗೆ ನಾಲ್ಕು ದಿನ ಹಿಡಿದರೆ ಏನೂ ಕೈಮೀರುವುದಿಲ್ಲ. ಹಾಗಂತ ತಿಂಗಳುಗಟ್ಟಲೆ ಕೂರಬೇಡ.

ಮುಂದೇನಾಗುತ್ತದೆ ಎಂಬ ಪ್ರಶ್ನೆ ನಿನ್ನನ್ನು ರಾತ್ರಿಯೆಲ್ಲ ಕೊರೆಯುತ್ತಿರುತ್ತದೆ, ನನಗೆ ಗೊತ್ತು. ಅದಕ್ಕೂ ಎಂ.ಆರ್.ಐ. ಒಂದಿಷ್ಟು ಉತ್ತರ ಕೊಡುತ್ತದೆ. ಯುರೋಪಿನ ಆಸ್ಪತ್ರೆಗಳು ಸೇರಿ ನಡೆಸಿದ ಮರ್ಕ್ಯುರಿ ಎಂಬ ಅಧ್ಯಯನದ ಐದು ವರ್ಷಗಳ ಫಲಿತಾಂಶ 2014ರಲ್ಲಿ ಬಂತು. ಎಂ.ಆರ್.ಐ.ನಲ್ಲಿ ಪೊರೆ ಸುರಕ್ಷಿತವಾಗಿ ಕಂಡವರಲ್ಲಿ ನೂರಕ್ಕೆ ಸುಮಾರು 62 ಜನ ಐದು ವರ್ಷದ ನಂತರವೂ ಬದುಕಿದ್ದರು. ಪೊರೆಗೆ ತಾಗಿದ್ದವರಲ್ಲಿ ಸುಮಾರು 42. ರಕ್ತನಾಳದೊಳಗೆ ಗಡ್ಡೆ ನುಗ್ಗಿದ್ದರೆ ಲಿವರಿಗೋ ಶ್ವಾಸಕೋಶಕ್ಕೋ ಹರಡುವ ಸಂಭವ ಹೆಚ್ಚು, ಆಗ ವೈದ್ಯರು ಕಿಮೋ ಬಗ್ಗೆ ಇನ್ನಷ್ಟು ಗಟ್ಟಿಯಾಗಿ ಯೋಚಿಸುತ್ತಾರೆ. ಆದರೆ ಈ ಅಂಕಿಗಳು ನೂರಾರು ಜನರ ಲೆಕ್ಕ, ನಿಮ್ಮಪ್ಪನ ಜಾತಕವಲ್ಲ. ಚಿಕಿತ್ಸೆ ಎಲ್ಲಿ ಗಟ್ಟಿಯಾಗಬೇಕು ಎಂದು ತೋರಿಸುವುದಕ್ಕೆ ಇವು ಇವೆ, ಧೈರ್ಯ ಕಳೆದುಕೊಳ್ಳುವುದಕ್ಕಲ್ಲ.

ಕಿಮೋ, ರೇಡಿಯೇಷನ್ ಮುಗಿದು ಕೆಲವು ವಾರಗಳ ಮೇಲೆ ಎಂ.ಆರ್.ಐ. ಮತ್ತೆ ಮಾಡುತ್ತಾರೆ. ಗಡ್ಡೆ ಇದ್ದ ಜಾಗದಲ್ಲಿ ಕಪ್ಪಾಗಿ, ಗಾಯದ ಕಲೆಯಂತೆ ಕಂಡರೆ ಒಳ್ಳೆಯ ಸೂಚನೆ. ಕೆಲವರಲ್ಲಿ ಗಡ್ಡೆ ಪೂರ್ತಿ ಕರಗಿಬಿಡುತ್ತದೆ. ಅಂಥವರಿಗೆ ಆಪರೇಷನ್ ಮಾಡದೆ ಕಟ್ಟುನಿಟ್ಟಾಗಿ ಕಾದು ನೋಡುವ ಕ್ರಮವನ್ನು ಬ್ರೆಜಿಲ್ಲಿನ ವೈದ್ಯೆ ಆಂಜೆಲಿಟಾ ಹಬ್ರ್-ಗಾಮಾ 2004ರಲ್ಲಿ ಜಗತ್ತಿನ ಮುಂದಿಟ್ಟರು. ಈಗ ದೊಡ್ಡ ಕೇಂದ್ರಗಳಲ್ಲಿ ಆಯ್ದ ರೋಗಿಗಳಿಗೆ ಅದು ನಡೆಯುತ್ತಿದೆ. ಆದರೆ ಅದಕ್ಕೆ ಬೆರಳು ಪರೀಕ್ಷೆ, ಎಂಡೋಸ್ಕೋಪಿ, ಎಂ.ಆರ್.ಐ. ಮೂರೂ ಒಂದೇ ಮಾತು ಹೇಳಬೇಕು, ಕರೆದಾಗಲೆಲ್ಲ ತಪ್ಪದೆ ಬರಬೇಕು. ಮೊದಲ ಸ್ಕ್ಯಾನೇ ಇಲ್ಲದಿದ್ದರೆ ಎರಡನೆಯದನ್ನು ಯಾವುದರ ಜೊತೆ ಇಟ್ಟು ನೋಡುವುದು? ಅದಕ್ಕೇ ಫಿಲ್ಮು, ಸಿ.ಡಿ. ಎರಡನ್ನೂ ಜೋಪಾನ ಮಾಡು.

ನೀನು ಸಾಫ್ಟ್‌ವೇರಿನವನು. ಸ್ಕ್ಯಾನಿನ ಚಿತ್ರವನ್ನು ಕಂಪ್ಯೂಟರಿಗೆ ಕೊಟ್ಟರೆ ಅದೇ ಭವಿಷ್ಯ ಹೇಳುತ್ತದೆ ಎಂದು ಎಲ್ಲೋ ಓದಿರುತ್ತೀಯ. ಸಂಶೋಧನೆ ಭರದಿಂದ ಸಾಗಿದೆ, ನಿಜ. ಆದರೆ ದಿನನಿತ್ಯದ ತೀರ್ಮಾನ ಇವತ್ತಿಗೂ ಅನುಭವಸ್ಥ ರೇಡಿಯಾಲಜಿಸ್ಟರ ಕಣ್ಣಿನ ಮೇಲೆಯೇ ನಿಂತಿದೆ.

ಹಾಗೆಂದು ಹೊಟ್ಟೆಯ ಎಲ್ಲ ಕ್ಯಾನ್ಸರಿಗೂ ಎಂ.ಆರ್.ಐ. ಬೇಕು ಅಂತಲ್ಲ. ನಮ್ಮ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ 1982ರಿಂದ ಬೆಂಗಳೂರಿನ ಕ್ಯಾನ್ಸರ್ ಲೆಕ್ಕ ಇಡುತ್ತಿದೆ. ಆ ಲೆಕ್ಕದಲ್ಲಿ ಇಲ್ಲಿನ ಗಂಡಸರಲ್ಲಿ ಜಠರ, ಅನ್ನನಾಳದ ಕ್ಯಾನ್ಸರುಗಳು ಮುಂಚೂಣಿಯಲ್ಲಿವೆ. ಅವಕ್ಕೆ ಮೊದಲು ಬೇಕಾದದ್ದು ಎಂಡೋಸ್ಕೋಪಿ, ಬಯಾಪ್ಸಿ, ಸಿ.ಟಿ. ಲಿವರಿನಲ್ಲಿ ಕಂಡ ಚುಕ್ಕೆ ಏನೆಂಬ ಅನುಮಾನ ಬಂದರೆ ಎಂ.ಆರ್.ಐ. ಬಹಳ ಸಹಾಯಕ. ಕಾಮಾಲೆ ಬಂದು ಪಿತ್ತನಾಳ ಎಲ್ಲಿ ಕಟ್ಟಿದೆ ಎಂದು ನೋಡಬೇಕಾದರೆ ಎಂ.ಆರ್.ಐ.ನದೇ ಒಂದು ಬಗೆಯಾದ ಎಂ.ಆರ್.ಸಿ.ಪಿ. ಮಾಡುತ್ತಾರೆ. ಸಿರೋಸಿಸ್ ಇದ್ದವರ ಲಿವರ್ ಕ್ಯಾನ್ಸರನ್ನು ಎಷ್ಟೋ ಸಲ ಬಯಾಪ್ಸಿ ಇಲ್ಲದೆ ಸ್ಕ್ಯಾನಿನಿಂದಲೇ ಗುರುತಿಸಬಹುದು.

ಇನ್ನು ಸ್ಕ್ಯಾನಿನ ದಿನದ ಮಾತು. ಸಿ.ಎಂ.ಎಚ್. ರಸ್ತೆ, ನೂರಡಿ ರಸ್ತೆಯಲ್ಲಿ ಸ್ಕ್ಯಾನಿಂಗ್ ಬೋರ್ಡುಗಳಿಗೇನೂ ಬರವಿಲ್ಲ. ಬೆಲೆ ಒಂದನ್ನೇ ಕೇಳಬೇಡ, ‘ಗುದನಾಳದ ಕ್ಯಾನ್ಸರಿನ ಪ್ರೋಟೋಕಾಲಿನಲ್ಲಿ ಮಾಡುತ್ತೀರಾ’ ಎಂದೂ ಕೇಳು. ಗಡ್ಡೆಗೆ ಅಡ್ಡಲಾಗಿ, ಮೂರು ಮಿಲಿಮೀಟರಿನ ತೆಳು ಹೋಳುಗಳಲ್ಲಿ ಚಿತ್ರ ತೆಗೆಯಬೇಕು. ವೈದ್ಯರ ಚೀಟಿಯಲ್ಲಿ ಬರಿದೆ ‘ಹೊಟ್ಟೆ ನೋವು’ ಅಂತ ಬರೆಸಬೇಡ, ಬಯಾಪ್ಸಿ ರಿಪೋರ್ಟಿನ ಪ್ರತಿ ಜೊತೆಗಿರಲಿ. ಈ ಸ್ಕ್ಯಾನಿಗೆ ಸಾಮಾನ್ಯವಾಗಿ ಬಣ್ಣದ ಇಂಜೆಕ್ಷನ್ ಬೇಕಿಲ್ಲ, ಲಿವರಿನದಕ್ಕೆ ಬೇಕಾಗಬಹುದು. ಕೊಡುವುದಾದರೆ ಕಿಡ್ನಿಯ ತೊಂದರೆ ಇದ್ದವರು ಮೊದಲೇ ಹೇಳಬೇಕು.

ನಿಮ್ಮಪ್ಪ ಕೆ.ಆರ್. ಪುರದ ಕಡೆ ಲೇತ್ ಮೇಲೆ ಕೆಲಸ ಮಾಡಿದವರಲ್ಲವೇ? ದೂರವಾಣಿನಗರದ ಐ.ಟಿ.ಐ., ಬೈಯಪ್ಪನಹಳ್ಳಿಯ ಎನ್.ಜಿ.ಇ.ಎಫ್. ಕಾರ್ಖಾನೆಗಳ ಕಾಲದ ಎಷ್ಟೋ ಜನರ ಕಣ್ಣಿಗೆ ಕಬ್ಬಿಣದ ಚೂರು ಸಿಡಿದಿರುತ್ತದೆ. ಅದು ಕಣ್ಣೊಳಗೇ ಉಳಿದಿದ್ದರೆ ಅಯಸ್ಕಾಂತದ ಹತ್ತಿರ ಜರುಗಿ ಕಣ್ಣಿಗೆ ಅಪಾಯ. ಅವರನ್ನು ಕೂರಿಸಿ ಕೇಳು, ಟೆಕ್ನಿಷಿಯನ್ನಿಗೆ ಹೇಳು. ಪೇಸ್‌ಮೇಕರ್, ಕಿವಿಯ ಇಂಪ್ಲಾಂಟ್, ಹಳೆಯ ಕ್ಲಿಪ್ಪು ಇದ್ದರೂ ಹೇಳಬೇಕು. ವಾಚು, ಉಂಗುರ, ಕಟ್ಟಿಸಿದ ಹಲ್ಲು, ಉಡಿದಾರದ ಬೆಳ್ಳಿ ಗುಂಡು ಎಲ್ಲವನ್ನೂ ಹೊರಗೆ ತೆಗೆಸು. ವಯಸ್ಸಾದವರು ಉಡಿದಾರವನ್ನು ಮರೆತೇಬಿಡುತ್ತಾರೆ. ಬಟ್ಟೆ ಬದಲಿಸುವಾಗ ನಾವು ಕೈಯಿಂದ ಮುಟ್ಟಿ ನೋಡಿ ಬಿಚ್ಚಿಸುತ್ತಿದ್ದೆವು. ಒಳಗೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಅಲುಗಾಡದೆ ಮಲಗಬೇಕು. ಸದ್ದು ಜೋರು, ಕಿವಿಗೆ ಮುಚ್ಚಳ ಕೊಡುತ್ತಾರೆ. ಕೈಯಲ್ಲೊಂದು ಗುಂಡಿ ಇರುತ್ತದೆ, ಹೆದರಿಕೆಯಾದರೆ ಒತ್ತಿದರೆ ಸಾಕು, ಜನ ಬರುತ್ತಾರೆ. ಇದನ್ನೆಲ್ಲ ಹಿಂದಿನ ರಾತ್ರಿಯೇ ಅವರಿಗೆ ಬಿಡಿಸಿ ಹೇಳು. ಅರ್ಧ ಭಯ ಅಲ್ಲೇ ಇಳಿಯುತ್ತದೆ.

ದುಡ್ಡಿಗಾಗಿ ಮನೆ ಅಡ ಇಡುವ ಮಾತು ಈಗಲೇ ಬೇಡ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ರೇಷನ್ ಕಾರ್ಡು, ಆಧಾರ್ ಹಿಡಿದು ಮೊದಲು ಕಿದ್ವಾಯಿಯಲ್ಲೋ ನಮ್ಮ ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯಲ್ಲೋ ವಿಚಾರಿಸು. ಯಾವುದಕ್ಕೆ ಎಷ್ಟು ಅನ್ವಯ ಎಂದು ಅಲ್ಲಿನ ಆರೋಗ್ಯಮಿತ್ರರನ್ನು ಕೇಳು.

ಕೊನೆಗೆ, ನಿನಗೂ ನಿನ್ನ ಗೆಳೆಯರಿಗೂ ಒಂದು ಮಾತು. ಮಲದಲ್ಲಿ ರಕ್ತ ಕಂಡರೆ ‘ಮೂಲವ್ಯಾಧಿ ಇರಬೇಕು’ ಎಂದು ಮೆಡಿಕಲ್ ಶಾಪಿನ ಮುಲಾಮು ಹಚ್ಚಿಕೊಂಡು ಕೂರಬೇಡಿ. ನಾಚಿಕೆ ಬಿಟ್ಟು ವೈದ್ಯರಿಂದ ಬೆರಳು ಪರೀಕ್ಷೆ ಮಾಡಿಸಿಕೊಳ್ಳಿ, ಹೇಳಿದರೆ ಕೊಲೊನೋಸ್ಕೋಪಿಗೂ ಹೋಗಿ. ಮನೆಯಲ್ಲಿ ಒಬ್ಬರಿಗೆ ಬಂದ ಮೇಲೆ ನಿನಗೆ ಯಾವ ವಯಸ್ಸಿನಿಂದ ತಪಾಸಣೆ ಬೇಕು ಎಂದು ನಿಮ್ಮಪ್ಪನ ವೈದ್ಯರನ್ನೇ ಕೇಳು. ಈ ವಾರವೇ ಕೇಳು, ಮುಂದೂಡಬೇಡ.